ಗುರುಬಸಪ್ಪ ಮಾಸ್ತರರ ಅಂತಿಮ ದರ್ಶನ, ಟಿಕೆಟ್ ಎಂಬತ್ತು

“ಏಳನೇತ್ತಾ ದಾಟಲಾರದ ನಾಲಿಗಿ, ಸಿನಿಮಾ ಅಳಿಯಾಕ ಬಂದೈತಿ ನೋಡ್ರಿ!”

ಕುಬೇರಪ್ಪ ಇದನ್ನು ನನ್ನ ಕಿವಿಯಲ್ಲಿ ಹೇಳಿದ್ದರೆ ಮಾತು ಬೇರೆ. ಹೇಳಿದ್ದು ಹಿರೇಕೆರೂರಿನ ತನ್ನ ಟಾಕೀಜಿನ ಮುಂದೆ, ಚಹಾದಂಗಡಿಯಲ್ಲಿ, ಶನಿವಾರದ ಮ್ಯಾಟಿನಿ ಬಿಟ್ಟ ಹೊತ್ತಿಗೆ, ಹನ್ನೊಂದು ಜನರ ಎದುರಿಗೆ. ಹನ್ನೊಂದೇ ಯಾಕೆಂದರೆ ಆ ದಿನ ಸಿನಿಮಾಕ್ಕೆ ಬಂದಿದ್ದವರೇ ಅಷ್ಟು. ಹನ್ನೊಂದೂ ಜನ ನಕ್ಕರು. ಎರಡೂವರೆ ತಾಸಿನ ನಗೆಚಿತ್ರದಲ್ಲಿ ಹಲ್ಲು ಬಿಡದೆ ಕೂತಿದ್ದ ಇಬ್ಬರು ಕೂಡ ಈಗ ನಕ್ಕರು. ನನಗೆ ಉರಿದದ್ದು ಅದಕ್ಕೆ.

ನನ್ನ ಹೆಸರು ಹಾಲೇಶ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕುಗಳಲ್ಲಿ ನನ್ನ ಮುಖ ಬಲ್ಲವರು ಕಡಿಮೆ, ದನಿ ಬಲ್ಲವರು ಬಹಳ. ನಾಸೀರನ ಆಟೋದ ನೆತ್ತಿಗೆ ಎರಡು ಹಾರ್ನ್ ಕಟ್ಟಿ, ಒಳಗೆ ಮೈಕ್ ಹಿಡಿದು ಕೂಗುತ್ತ ಹೋಗುವವನು ನಾನೇ. ಸಿನಿಮಾ ಬಂದರೂ ನಾನೇ ಹೇಳಬೇಕು, ನಳದ ನೀರು ಬರದಿದ್ದರೂ ನಾನೇ, ಯಾರಾದರೂ ಸತ್ತರೂ ನಾನೇ. ಆಟೋ ನಾಸೀರನದು, ಮೈಕ್ ಸೆಟ್ ಕುಬೇರಪ್ಪನದು, ಗಂಟಲು ಮಾತ್ರ ನನ್ನದು.

ಜಗಳ ಹತ್ತಿದ್ದು ಮೃತ್ಯುಂಜಯ ಸರ್ ಆಡಿದ ಮಾತಿನಿಂದ. ಅವರು ಕಾಲೇಜಿನಲ್ಲಿ ಪಾಠ ಹೇಳುವವರು. ಹೊಸ ಸಿನಿಮಾ ಬಂದರೆ ಮೊದಲ ದಿನವೋ ಎರಡನೆಯ ದಿನವೋ ತಪ್ಪದೆ ಬರುತ್ತಾರೆ, ಬಂದು ತಪ್ಪದೆ ಬಯ್ಯುತ್ತಾರೆ.

“ಈ ಡೈರೆಕ್ಟರಿಗೆ ತಾನ ಏನ್ ಮಾಡಾಕತ್ತೇನಿ ಅನ್ನೂದ ಗೊತ್ತಿಲ್ಲ,” ಎಂದರು ಅವರು ಚಹಾ ಆರಿಸುತ್ತ. “ನಗಸೂದಾದರ ನಗಸು. ಅಂಜಸೂದಾದರ ಅಂಜಸು. ಅಳಸೂದಾದರ ಅಳಸು. ಮೂರನ್ನೂ ಒಂದ ಡಬರ್‍ಯಾಗ ಹಾಕಿ ಕುದಿಸಿದರ ಅದಕ್ಕ ಸಿನಿಮಾ ಅಂತಾರ?”

ನಾನು ಸುಮ್ಮನಿರಬೇಕಿತ್ತು. ನಮ್ಮವ್ವನ ಪ್ರಕಾರ ನಾನು ಹುಟ್ಟಿದ ಮೇಲೆ ಒಂದು ಸಲವೂ ಸುಮ್ಮನಿದ್ದವನಲ್ಲ. ಸೂಲಗಿತ್ತಿ ಕುಂಡಿಗೆ ಹೊಡೆದಾಗ ಉಳಿದ ಕೂಸುಗಳು ಅಳುತ್ತವಂತೆ, ನಾನು ತಿರುಗಿ ಒದ್ದೆನಂತೆ.

“ಸರ್, ನೀವು ಸಾವಿನ ಮನಿಗೆ ಹೋಗೀರೇನ್ರಿ?” ಎಂದು ಕೇಳಿದೆ.

“ಹೋಗದ ಏನು?”

“ಹೋಗಿ ಎಷ್ಟೊತ್ತು ಕುಂತೀರಿ?”

“ಮಾಲಿ ಹಾಕಿ ಬರ್ತೇನಪ. ಕುಂತು ಏನ್ ಮಾಡಲಿ?”

“ಅದಕ್ಕ ನಿಮಗ ಈ ಸಿನಿಮಾ ತಿಳೀಲಿಲ್ರಿ. ನಾ ವರ್ಷಕ್ಕ ಅರವತ್ತು ಸಾವಿನ ಮನಿಗೆ ಹೋಗ್ತೇನಿ. ಹೆಸರು, ವಯಸ್ಸು, ಮಣ್ಣು ಎಷ್ಟೊತ್ತಿಗೆ ಅಂತ ಬರಕೊಳ್ಳೂದಕ್ಕ ಕಟ್ಟಿ ಮ್ಯಾಲ ತಾಸುಗಟ್ಟಲೆ ಕುಂದರ್ತೇನಿ. ಅಲ್ಲಿ ಒಬ್ಬಾಕಿ ಅಳತಿರ್ತಾಳ, ಇನ್ನೊಬ್ಬಾಕಿ ತಿಜೋರಿ ಕೀಲಿ ಹುಡಕತಿರ್ತಾಳ. ದೊಡ್ಡಳಿಯ ಸಣ್ಣಳಿಯನ ಕೂಡ ಮಾತು ಬಿಟ್ಟಿರ್ತಾನ. ಮೂಲ್ಯಾಗ ಇಬ್ಬರು ಮುದುಕರು ಸತ್ತಾಂವನ ಹಳೇ ಭಾನಗಡಿ ನೆನಿಸಿ ವಲ್ಲಿಯೊಳಗ ಮಾರಿ ಮುಚ್ಚಿ ನಗತಿರ್ತಾರ. ಎಲ್ಲಾ ಒಂದ ಡಬರ್‍ಯಾಗ ಕುದಿತಿರ್ತೈತ್ರಿ. ಈ ಡೈರೆಕ್ಟರ್ ಮೈಲಾರಿ ತಡಸದ ಅದನ್ನ ತೋರ್ಸ್ಯಾನ. ಬ್ಯಾರೆ ಮಾಡಿ ತೋರಸಾವರು ಸುಳ್ಳು ಹೇಳ್ತಾರ!”

ಆಗ ಕುಬೇರಪ್ಪ ಆ ಮಾತು ಅಂದದ್ದು. ಏಳನೇತ್ತಾ ದಾಟಲಾರದ ನಾಲಿಗಿ.

ಏಳನೇತ್ತೆಯ, ಅಂದರೆ ಏಳನೇ ತರಗತಿಯ, ಮಾತು ಖರೆ. ಹಂಸಭಾವಿಯ ಶಾಲೆಯಲ್ಲಿ ಗುರುಬಸಪ್ಪ ಮಾಸ್ತರರು ಬೆತ್ತ ಎತ್ತಿದರು, ನಾನು ಬೆತ್ತ ಕಸಿದು ಮೊಣಕಾಲಿಗೆ ಇಟ್ಟು ಮುರಿದೆ, ಎರಡೂ ತುಂಡು ಮೇಜಿನ ಮೇಲಿಟ್ಟು ಹೊರಗೆ ಬಂದೆ. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು. ಆದರೆ ಸಿನಿಮಾದ ವಿಷಯದಲ್ಲಿ ನಾನು ಕಲಿಯುವುದು ನಿಲ್ಲಿಸಿಲ್ಲ.

ಮೈಲಾರಿ ತಡಸದ ನಮ್ಮ ಕಡೆಯವನೇ, ಶಿಗ್ಗಾಂವಿ ತಾಲೂಕಿನ ತಡಸದವನು. ಅದಕ್ಕಾಗಿ ನಾನು ಅವನ ಪರ ಮಾತಾಡುತ್ತೇನೆ ಎಂದು ತಿಳಿಯಬೇಡಿ. ನಮ್ಮ ಕಡೆಯವರು ಎಷ್ಟು ಹಾಳು ಕೆಲಸ ಮಾಡಬಲ್ಲರು ಎಂಬುದು ನನಗೆ ಗೊತ್ತು. ಅವನು ಮಾಡಿರುವುದು ನಾಲ್ಕು ಸಿನಿಮಾ. ಮೊದಲನೆಯದು ‘ಎಣ್ಣಿಗಿರಣಿ ಭೂತ’, ಸವಣೂರಿನಲ್ಲಿ ನೋಡಿದೆ. ಗಿರಣಿಯ ಮಾಲೀಕ ಒಂದು ಭೂತವನ್ನು ಕೂಲಿಗೆ ಇಟ್ಟುಕೊಳ್ಳುತ್ತಾನೆ. ಮೂರು ತಿಂಗಳಾಗುವಷ್ಟರಲ್ಲಿ ಭೂತವೇ ಊರವರ ಬಾಗಿಲು ಬಡಿದು ‘ನನ್ನ ಬಿಡಸ್ರಿ’ ಎಂದು ಅಳುತ್ತದೆ. ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು, ಆಮೇಲೆ ನಗು ನಿಂತರೂ ನೀರು ನಿಲ್ಲಲಿಲ್ಲ. ಹಮಾಲಿ ಮಾಡುವ ನಮ್ಮಪ್ಪನ ಬೆನ್ನು ನೆನಪಾಗಿತ್ತು. ಎರಡನೆಯದು ‘ಕಂಟ್ರೋಲರ್ ಕಲ್ಲಪ್ಪನ ತನಿಖೆ’. ಕಳೆದುಹೋದ ಒಂದು ಊಟದ ಡಬ್ಬಿ ಹುಡುಕುತ್ತ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಕೊಲೆಗಾರನನ್ನು ಹಿಡಿಯುವ ಕಥೆ. ಶಿಗ್ಗಾಂವಿಯಲ್ಲಿ ಎರಡು ಸಲ ನೋಡಿದೆ. ಕಥೆ ಬಂಗಾರ, ಹಾಡು ದಂಡ. ಪ್ರತಿ ಹಾಡಿಗೂ ಎದ್ದು ಹೊರಗೆ ಹೋಗಿ ಶೇಂಗಾ ತಿಂದು ಬಂದೆ.

ಮೂರನೆಯದು ‘ಚಂದ್ರಲೋಕದ ಎಮ್ಮಿ’. ಅದನ್ನು ಹಾನಗಲ್ಲಿನಲ್ಲಿ ನೋಡಿದೆ. ಮೈಲಾರಿ ತಡಸದ ಎಂದಾದರೂ ಕೈಗೆ ಸಿಕ್ಕರೆ ಅಂಗಿ ಹಿಡಿದು ಕೇಳುತ್ತೇನೆ: ಎಮ್ಮೆ ಚಂದ್ರನ ಮೇಲೆ ಹೋಯಿತು, ಸರಿ, ಅಲ್ಲಿ ಹಿಂಡುವವರು ಯಾರು? ಹಿಂಡದಿದ್ದರೆ ಕೆಚ್ಚಲು ಬಾಯುವುದಿಲ್ಲವೇ? ಇಡೀ ಸಿನಿಮಾದಲ್ಲಿ ಒಬ್ಬರೂ ಆ ಪ್ರಶ್ನೆ ಕೇಳುವುದಿಲ್ಲ. ಸುಳ್ಳನ್ನು ಎಷ್ಟು ದೊಡ್ಡದು ಬೇಕಾದರೂ ಹೇಳಲಿ, ಆದರೆ ಆ ಸುಳ್ಳಿನೊಳಗೂ ಯಾರಾದರೂ ಕಸ ಗುಡಿಸುತ್ತಿರಬೇಕು, ಯಾರಿಗಾದರೂ ಹಸಿವೆಯಾಗುತ್ತಿರಬೇಕು. ಆಗಲೇ ಭೂತಕ್ಕೂ ಅಂಜಿಕೆ ಬರುತ್ತದೆ, ನಗೆಗೂ ನಗೆ ಬರುತ್ತದೆ. ಇದು ನನ್ನ ಅಭಿಪ್ರಾಯ. ಯಾವ ಪುಸ್ತಕದಲ್ಲಿಯೂ ಓದಿದ್ದಲ್ಲ.

ನಾಲ್ಕನೆಯದೇ ಈ ವಾರ ಬಂದದ್ದು, ‘ಕೂತವರು ಏಳಬಾರದು’. ನಿವೃತ್ತ ಮಾಸ್ತರರೊಬ್ಬರು ತೀರಿಕೊಂಡಿದ್ದಾರೆ. ನಮ್ಮ ಕಡೆ ಲಿಂಗವಂತರ ಮನೆಗಳಲ್ಲಿ ಮಾಡುವ ಹಾಗೆ ಅವರನ್ನು ಗೋಡೆಗೆ ಆನಿಸಿ ಕೂಡಿಸಿದ್ದಾರೆ. ಹಣೆತುಂಬ ವಿಭೂತಿ, ಕೊರಳಲ್ಲಿ ಹಾರ, ಎದುರಿಗೆ ಭಜನೆಯವರು. ನಡುವೆ ಹಾರ್ಮೋನಿಯಂ ಬಾರಿಸುವವನ ಕಣ್ಣಿಗೆ ಬೀಳುತ್ತದೆ, ಹಾಡು ಶುರುವಾದಾಗ ಹೆಣದ ಬೆರಳಿನಲ್ಲಿದ್ದ ಉಂಗುರ ಹಾಡು ಮುಗಿಯುವಷ್ಟರಲ್ಲಿ ಇಲ್ಲ. ಅವನು ಬಾರಿಸುವುದನ್ನು ನಿಲ್ಲಿಸದೆ, ಕೂತಲ್ಲಿಂದ ಏಳದೆ, ಪದದ ನಡುನಡುವೆಯೇ ಒಬ್ಬೊಬ್ಬರನ್ನು ವಿಚಾರಣೆ ಮಾಡುತ್ತ ಕಳ್ಳನನ್ನು ಹುಡುಕುತ್ತಾನೆ. ಸಿನಿಮಾದ ಆ ಮಾಸ್ತರರ ಹೆಸರೂ ಗುರುಬಸಪ್ಪ. ಅದರಲ್ಲೇನು ವಿಶೇಷವಿಲ್ಲ. ನಮ್ಮ ಕಡೆ ಗುರುಬಸಪ್ಪ ಎಂಬ ಮಾಸ್ತರರಿಲ್ಲದ ಶಾಲೆಯೇ ಇಲ್ಲ.

“ಇದನ್ನ ಸೋಮವಾರ ತಗದು ಹೊಡದಾಟದ್ದು ಒಂದು ಹಾಕ್ತೇನಿ,” ಎಂದ ಕುಬೇರಪ್ಪ. “ಹನ್ನೊಂದು ಮಂದಿಗೆ ಫ್ಯಾನ್ ತಿರುಗಿಸಿದರ ಕರೆಂಟ್ ಬಿಲ್ಲೂ ಹುಟ್ಟಂಗಿಲ್ಲ.”

“ಜನ ಬರಲಾರದ್ದು ಸಿನಿಮಾದ ತಪ್ಪಲ್ರಿ. ನೀವು ಬರದು ಕೊಟ್ಟ ಚೀಟಿ ತಪ್ಪು. ‘ಭರ್ಜರಿ ಕಾಮಿಡಿ, ಮನಿಮಂದಿಯೆಲ್ಲಾ ನೋಡ್ರಿ’ ಅಂತ ಪ್ರತಿ ವಾರ ಅದನ್ನ ಒದರಿಸ್ತೀರಿ. ನಾಳಿ ನನ್ನ ಮಾತಿನಾಗ ಹೇಳತೇನಿ. ಕೆಳಗಿನ ಕುರ್ಚಿ ಎಲ್ಲಾ ತುಂಬ್ತಾವ.”

“ಇನ್ನೂರಾ ನಲವತ್ತು ಕುರ್ಚಿ ಅದಾವಲೇ!”

“ತುಂಬ್ತಾವ ಅಂದೆ.”

“ತುಂಬಲಿಲ್ಲ ಅಂದರ?”

“ನಿಮ್ಮ ಮೈಕ್ ಮತ್ತ ಮುಟ್ಟಂಗಿಲ್ಲ.”

ಹೇಳಿಬಿಟ್ಟೆ. ಹನ್ನೊಂದು ಜನ ಸಾಕ್ಷಿ. ಕುಬೇರಪ್ಪ ಮೀಸೆಯೊಳಗೆ ನಕ್ಕು, “ಎಲ್ಲಾರೂ ಕೇಳಿದ್ರಲ್ಲಾ? ನಾಳಿ ಸಂಜಿಕ ಮೈಕ್ ನನ್ನ ಕೈಯಾಗ ಕೊಟ್ಟು ಹೋಗ್ತಾನ ಈ ವಿದ್ವಾಂಸ,” ಎಂದ. ನಾಸೀರ ಆಟೋದ ಹಿಂದೆ ನಿಂತು ತಲೆ ಚಚ್ಚಿಕೊಂಡ. ಮೈಕ್ ಹೋದರೆ ನನಗೆ ಬೇರೆ ಕೆಲಸವಿಲ್ಲ. ನಮ್ಮಪ್ಪನ ಹಾಗೆ ಗೋವಿನಜೋಳದ ಚೀಲ ಹೊರಬೇಕು. ಚೀಲ ಹೊರಲು ನಾಚಿಕೆಯೇನಿಲ್ಲ, ಆದರೆ ಚೀಲಕ್ಕೆ ನನ್ನ ದನಿ ಬೇಕಾಗುವುದಿಲ್ಲ.

ಭಾನುವಾರ ಬೆಳಿಗ್ಗೆ ನಾಸೀರ ಆಟೋ ಒರೆಸುತ್ತಿದ್ದ. “ಏನಂತ ಹೇಳಾಂವಾ ಭಾಯ್?”

“ಸಿನಿಮಾ ಹೆಂಗೈತೋ ಹಂಗ.”

“ಹೆಂಗೈತಿ?”

“ಸಾವಿನಾಗ ಶುರುವಾಗಿ ನಗಿಯೊಳಗ ಮುಗೀತೈತಿ. ಶಹನಾಯಿ ಪೆನ್ ಡ್ರೈವ್ ಹಾಕು.”

ಸಾವಿನ ಸುದ್ದಿ ಹೇಳುವಾಗ ಹಿನ್ನೆಲೆಗೆ ಹಾಕುವ ಶಹನಾಯಿ ಅದು. ಎರಡು ಎಳೆ ಕೇಳಿದರೆ ಸಾಕು, ಎಮ್ಮೆಯೂ ಮೆಲುಕು ನಿಲ್ಲಿಸುತ್ತದೆ. ನಾಸೀರ ನನ್ನ ಮುಖ ನೋಡಿದ. “ಜನಕ್ಕ ತಿಳೀತೈತೇನ್ಲೆ?”

“ತಿಳಿಲಾರದ ಏನು? ಟಿಕೆಟ್ ಅಂದ ಕೂಡಲೆ ನಗ್ತಾರ.”

ಹೊರಟೆವು. ಹಂಸಭಾವಿಯ ದಾರಿಯಲ್ಲಿ ಅರ್ಧ ರಸ್ತೆಗೆ ಗೋವಿನಜೋಳ ಒಣಹಾಕಿದ್ದರು. ನಾಸೀರ ಕಾಳಿನ ಅಂಚು ತುಳಿಯದಂತೆ ಸುತ್ತುಬಳಸಿ ಆಟೋ ಬಿಡುತ್ತಿದ್ದ. ಶಹನಾಯಿ ಅಳುತ್ತಿತ್ತು. ನಾನು ಸಾವಿನ ದನಿ ತೆಗೆದೆ. ಅದು ಹೊಟ್ಟೆಯಿಂದ ಬರುವ ದನಿ, ಅವಸರವಿಲ್ಲದ್ದು.

“ಶೋಕ ಸುದ್ದಿ. ಮೂವತ್ತಾರು ವರ್ಷ ನಮ್ಮ ಮಕ್ಕಳಿಗೆ ಅಕ್ಷರ ಕಲಿಸಿದ ಗುರುಬಸಪ್ಪ ಮಾಸ್ತರರು ಲಿಂಗೈಕ್ಯರಾಗಿದ್ದಾರೆ. ಅವರ ಅಂತಿಮ ದರ್ಶನವನ್ನು ಇಂದು ಮಧ್ಯಾಹ್ನ ಎರಡೂವರೆಗೆ ಹಿರೇಕೆರೂರಿನ ಟಾಕೀಜಿನಲ್ಲಿ ಏರ್ಪಡಿಸಲಾಗಿದೆ. ಮಾಸ್ತರರ ಬೆರಳಿನ ಉಂಗುರ ಕಾಣೆಯಾಗಿದೆ. ಕದ್ದವರು ನಿಮ್ಮ ಪಕ್ಕದಲ್ಲೇ ಕೂತಿರಬಹುದು. ಟಿಕೆಟ್ ಎಂಬತ್ತು ರೂಪಾಯಿ. ಅಳಲು ಬಂದವರು ನಗುತ್ತ ಹೋಗುವಿರಿ.”

ಹೇಳಿದ ಮೇಲೆ ನನಗೇ ಹೆಮ್ಮೆಯೆನಿಸಿತು. ಮೈಲಾರಿ ತಡಸದ ಕೇಳಿದ್ದರೆ ಆಟೋ ನಿಲ್ಲಿಸಿ ಕೈ ಕೊಡುತ್ತಿದ್ದ. ಆದರೆ ಕಟ್ಟೆಯ ಮೇಲಿದ್ದವರು ನಗಲಿಲ್ಲ. ಎದ್ದು ನಿಂತರು. ಹೆಂಗಸರು ಸೆರಗು ಬಾಯಿಗಿಟ್ಟರು. ನಗೆಯ ಗುಟ್ಟು ಹಿಡಿಯುವುದು ಸ್ವಲ್ಪ ತಡ, ಮನೆಗೆ ಹೋಗಿ ನಗುತ್ತಾರೆ ಎಂದುಕೊಂಡು ನಾನು ಮುಂದಿನ ಊರಿಗೆ ಹೋದೆ. ಅಲ್ಲಿಯೂ ಹಾಗೇ. ಅದರ ಮುಂದಿನ ಊರಿನಲ್ಲಿಯೂ ಹಾಗೇ.

ಆರು ವರ್ಷ ಸಾವಿನ ಸುದ್ದಿ ಹೇಳಿದವನು ನಾನು, ನನಗೆ ಗೊತ್ತಿರಬೇಕಿತ್ತು. ಶಹನಾಯಿ ಕೇಳಿದ ಮೇಲೆ ಜನ ಮೂರನ್ನೇ ಕೇಳುತ್ತಾರೆ: ಯಾರು, ಎಲ್ಲಿ, ಎಷ್ಟೊತ್ತಿಗೆ. ಅಷ್ಟಾದ ಮೇಲೆ ಕಿವಿ ಮುಚ್ಚುತ್ತದೆ, ಬಾಯಿ ತೆರೆಯುತ್ತದೆ. ಯಾವ ಗುರುಬಸಪ್ಪ, ಏನಾಗಿತ್ತು, ಮೊನ್ನೆ ನೋಡಿದ್ದೆನಲ್ಲ. ನನ್ನ ಉಂಗುರ, ನನ್ನ ಟಿಕೆಟ್, ನನ್ನ ನಗು ಎಲ್ಲ ಗಾಳಿಗೆ ಹೋಗಿದ್ದವು.

ಮಧ್ಯಾಹ್ನ ಎರಡಕ್ಕೆ ಹಿರೇಕೆರೂರಿನ ಬಸ್ ಸ್ಟ್ಯಾಂಡಿನ ಮುಂದೆ ಕೊನೆಯ ಸುತ್ತು ಹೊಡೆದು ಟಾಕೀಜಿಗೆ ಬಂದೆವು. ಬಾಗಿಲಲ್ಲಿ ಎರಡು ಟ್ರ್ಯಾಕ್ಟರ್ ನಿಂತಿದ್ದವು. ಒಂದು ಟೆಂಪೋದಿಂದ ತಲೆಗೆ ಬಿಳಿ ಪಟಗಾ ಸುತ್ತಿದ ಹಿರಿಯರು ಇಳಿಯುತ್ತಿದ್ದರು. ಕೈಯಲ್ಲಿ ಚೆಂಡುಹೂವಿನ ಹಾರ, ಊದಿನಕಡ್ಡಿ, ತೆಂಗಿನಕಾಯಿ. ಒಬ್ಬ ಮುದುಕ ತಾಳ ತಂದಿದ್ದ.

“ಯಾ ಅಲ್ಲಾ,” ಎಂದ ನಾಸೀರ. “ಮಣ್ಣಿಗೆ ಬಂದಾರಲೇ!”

ಹೋಗಿ ಹೇಳಿಬಿಡಬೇಕು ಎಂದು ಎರಡು ಹೆಜ್ಜೆ ಇಟ್ಟೆ. ಅಷ್ಟರಲ್ಲಿ ಕುಬೇರಪ್ಪನ ಮುಖ ಕಂಡಿತು. ಟಿಕೆಟ್ ಕಿಂಡಿಯಿಂದ ಅರ್ಧ ಮೈ ಹೊರಗೆ ಹಾಕಿದ್ದ. ಹಾರ, ಕಾಯಿ ನೋಡಿ ಅವನ ಮೀಸೆ ಕುಣಿಯುತ್ತಿತ್ತು.

“ಅಭಿಮಾನಿಗಳು!” ಎಂದು ಕೂಗಿದ. “ಇಷ್ಟು ಅಭಿಮಾನಿಗಳು ಅದಾರ ಅಂತ ನನಗ ಗೊತ್ತ ಇರಲಿಲ್ಲ ನೋಡ. ಬರ್ರಿ, ಬರ್ರಿ, ಸಾಲಾಗಿ ಬರ್ರಿ!”

ತಪ್ಪು ಅವನದೂ ಅಲ್ಲ. ದೊಡ್ಡ ಹೀರೋಗಳ ಸಿನಿಮಾಕ್ಕೆ ಜನ ಹಾರ ಕಾಯಿ ತರುವುದು ಇದ್ದದ್ದೇ.

ಸಾಲಿನ ಮುಂದೆ ಹಂಸಭಾವಿಯ ಶೇಖವ್ವ ನಿಂತಿದ್ದಳು. ಎಪ್ಪತ್ತು ದಾಟಿದ ಹೆಂಗಸು, ಕೈಯಲ್ಲಿ ತನ್ನ ಎತ್ತರದ ಹಾರ. “ಎಲ್ಲಿ ಕೂಡಿಸ್ಯಾರ್ರಿ?” ಎಂದು ಕೇಳಿದಳು.

“ಎಲ್ಲಾರೂ ಒಳಗ ಕುಂದರೂದು ಬೇ,” ಎಂದ ಕುಬೇರಪ್ಪ. “ಎಂಬತ್ತು ರೂಪಾಯಿ.”

“ರೊಕ್ಕ ಕೊಡಬೇಕಾ?”

“ಮತ್ತ? ಪುಕ್ಕಟೆ ನೋಡ್ತೀಯೇನು?”

ಶೇಖವ್ವ ಗಲ್ಲಕ್ಕೆ ಕೈ ಹಚ್ಚಿದಳು. “ಎಂಥಾ ಕಾಲ ಬಂತು ಶಿವನ! ಸತ್ತವರ ಮಾರಿ ನೋಡಾಕೂ ಚೀಟಿ ಹರಿಸಬೇಕು!”

ಹಿಂದಿದ್ದ ಹಿರಿಯನೊಬ್ಬ ಸಮಾಧಾನ ಮಾಡಿದ. “ಕೊಡು ಯಕ್ಕಾ. ಶಿಷ್ಯಾರು ಬಾಳ ಮಂದಿ, ಮನ್ಯಾಗ ಜಾಗಾ ಸಾಲೂದಿಲ್ಲ ಅಂತ ಇಲ್ಲಿ ಇಟ್ಟಾರ. ಬಾಡಿಗಿ ಕೊಡಬೇಕಲ್ಲ.”

“ಮೊನ್ನಿ ಸವಣೂರಿಗೆ ಮಗಳ ಮನಿಗೆ ಹೋಗಿದ್ರು. ಕೀಲಿ ಹಾಕೇತಿ ಮನಿ. ಅಲ್ಲೇ ಏನೋ ಆಗಿರಬೇಕು,” ಎಂದಳು ಇನ್ನೊಬ್ಬಳು ಮೂಗು ಒರೆಸಿಕೊಳ್ಳುತ್ತ.

ಆಗ ನನಗೆ ತಿಳಿಯಿತು. ಇವರು ಅಳುತ್ತಿದ್ದದ್ದು ನನ್ನ ಮಾಸ್ತರರಿಗೆ, ಬೆತ್ತದ ಗುರುಬಸಪ್ಪ ಮಾಸ್ತರರಿಗೆ. ಮೊಬೈಲ್ ಮುಟ್ಟದ ಮನುಷ್ಯ, ಕೇಳೋಣವೆಂದರೆ ದಾರಿಯಿಲ್ಲ. ಹಂಸಭಾವಿಯಲ್ಲಿ ನಿಂತು ಆ ಹೆಸರು ಕೂಗುವಾಗ ನನಗೆ ಅವರ ನೆನಪೇ ಬರಲಿಲ್ಲ ಎಂದರೆ ನೀವು ನಂಬುವುದಿಲ್ಲ. ನಾಸೀರನೂ ನಂಬಲಿಲ್ಲ.

ಬಾಯಿ ಬಿಟ್ಟರೆ ಮೈಕ್ ಹೋಯಿತು, ಬಿಡದಿದ್ದರೆ ಪಾಪ ಬಂತು. ನಾನು ಯೋಚಿಸುತ್ತ ನಿಂತಿರುವಾಗಲೇ ಕುರ್ಚಿಗಳು ತುಂಬಿದವು, ದೀಪ ಆರಿತು. ನಾನು ಕೊನೆಯ ಸಾಲಿನ ಮೂಲೆಯಲ್ಲಿ ಕೂತೆ. ಜನ ಏಳುವ ಮೊದಲೇ ಓಡಲು ಆ ಕುರ್ಚಿ ಅನುಕೂಲ.

ಪರದೆಯ ಮೇಲೆ ಮೊದಲು ಕಂಡದ್ದೇ ಗೋಡೆಗೆ ಆನಿಸಿ ಕೂಡಿಸಿದ ಮಾಸ್ತರರು. ಪರದೆಯಷ್ಟು ದೊಡ್ಡ ವಿಭೂತಿ. ಭಜನೆ ಶುರುವಾಯಿತು. ಶೇಖವ್ವ ಎದ್ದು ನಡುವಿನ ದಾರಿಯಲ್ಲಿ ನಡೆದು ಹೋಗಿ ಪರದೆಯ ಕೆಳಗೆ ಹಾರ ಇಟ್ಟು ಕೈ ಮುಗಿದಳು. ಅವಳ ಹಿಂದೆ ಹತ್ತು ಹದಿನೈದು ಜನ ಹೋದರು. ತಾಳದ ಮುದುಕ ಸಿನಿಮಾದ ಭಜನೆಗೆ ತಾಳ ಹಾಕತೊಡಗಿದ, ತಪ್ಪಲಿಲ್ಲ ಕೂಡ. ಎಲ್ಲರೂ ಅಳುತ್ತಿದ್ದರು. ಯಾರೋ ಮೆಲ್ಲಗೆ, “ಮಾರಿ ಭಾಳ ಬದಲಾಗೇತಿ ಮಾಸ್ತರದು,” ಎಂದರು. “ಸತ್ತ ಮ್ಯಾಲ ಹಂಗ ಆಗ್ತೈತಿ,” ಎಂದರು ಇನ್ನೊಬ್ಬರು.

ಅಷ್ಟರಲ್ಲಿ ಹಾರ್ಮೋನಿಯಂನವನ ಕಣ್ಣು ಬೆರಳಿನ ಮೇಲೆ ಬಿತ್ತು. ಉಂಗುರ ಇಲ್ಲ. ಅವನು ರಾಗ ತಪ್ಪದೆ ಪಕ್ಕದವನಿಗೆ, ‘ನಿನ್ನ ಕಿಸೆ ತೋರಿಸೋ ಶಿವಾ’ ಎಂದು ಪದದಲ್ಲೇ ಸೇರಿಸಿ ಹಾಡಿದ. ಕತ್ತಲಲ್ಲಿ ಯಾರೋ ಒಬ್ಬರು ಕಿಸಕ್ಕೆಂದರು. ತಕ್ಷಣ ನಾಲ್ಕು ಕಡೆಯಿಂದ ‘ಶ್ಶ್’ ಬಂತು. ಸ್ವಲ್ಪ ಹೊತ್ತಿಗೆ ಸಿನಿಮಾದ ದೊಡ್ಡಳಿಯ ಅಳುವ ನೆಪದಲ್ಲಿ ಹೆಣದ ಮೇಲೆ ಬಿದ್ದು ಮಾವನ ಕಿಸೆಗೆ ಕೈ ಹಾಕಿದ. ಈ ಸಲ ಇಪ್ಪತ್ತು ಜನ ನಕ್ಕರು. ನಕ್ಕವರು ನಾಚಿ ಕೆಮ್ಮಿದರು. ಆಮೇಲೆ ಕೆಮ್ಮುವುದನ್ನೂ ಬಿಟ್ಟರು. ಅತ್ತುಕೊಂಡು ಬಂದ ಹೊಟ್ಟೆಯಿಂದ ಏಳುವ ನಗು ಬಹಳ ದೊಡ್ಡದು, ಒಮ್ಮೆ ಎದ್ದರೆ ಯಾರ ಮಾತೂ ಕೇಳುವುದಿಲ್ಲ. ಇದು ಸಿನಿಮಾ ಎಂದು ಅವರಿಗೆ ಯಾವಾಗ ತಿಳಿಯಿತೋ ನನಗೆ ಗೊತ್ತಿಲ್ಲ. ತಿಳಿದ ಮೇಲೂ ಯಾರೂ ಏಳಲಿಲ್ಲ.

ಆ ನಡುವೆ ಯಾರೋ ತಡವಾಗಿ ಬಂದು ನನ್ನ ಪಕ್ಕದಲ್ಲಿ, ಬಾಗಿಲ ಕಡೆಗೆ ಉಳಿದಿದ್ದ ಒಂದೇ ಖಾಲಿ ಕುರ್ಚಿಯಲ್ಲಿ ಕೂತರು. ಕೊಡೆ, ಕೈಚೀಲ, ಮೂಗಿಗೆ ಹತ್ತಿದ ನಶ್ಯದ ವಾಸನೆ. ಆ ವಾಸನೆ ನನಗೆ ಎಲ್ಲಿಯದೋ ನೆನಪು. ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಯಾಕೆಂದರೆ ಇಂಟರ್ವಲ್ಲಿನ ದೃಶ್ಯ ಬರುತ್ತಿತ್ತು. ಮೈಲಾರಿ ತಡಸದ ಮಾಡಿದ ಎಲ್ಲ ದೃಶ್ಯಗಳಲ್ಲಿ ಅದೇ ಉತ್ತಮ ಎಂಬುದು ನನ್ನ ಖಾಯಂ ಅಭಿಪ್ರಾಯ. ಭಜನೆ ನಿಲ್ಲುತ್ತದೆ. ಎಲ್ಲರೂ ಒಬ್ಬರನ್ನೊಬ್ಬರು ನೋಡುತ್ತಾರೆ. ಊದಿನಕಡ್ಡಿಯ ಹೊಗೆ ಹೆಣದ ಮೂಗಿನ ಹತ್ತಿರ ಹೋಗುತ್ತದೆ, ಹೋಗುತ್ತದೆ...

ಹೆಣ ಸೀನಿತು. ಟಾಕೀಜಿನ ದೀಪ ಹತ್ತಿತು. ಸಿನಿಮಾ ಅಲ್ಲಿಗೆ ನಿಂತಿತ್ತು, ಆದರೆ ನನ್ನ ಪಕ್ಕದಲ್ಲಿ ಇನ್ನೊಬ್ಬರು ಸೀನಿದರು.

ಇನ್ನೂರ ನಲವತ್ತು ತಲೆಗಳು ಹಿಂದೆ ತಿರುಗಿದವು. ಕೊನೆಯ ಸಾಲಿನಲ್ಲಿ, ತೊಡೆಯ ಮೇಲೆ ಕೊಡೆ ಇಟ್ಟುಕೊಂಡು, ಕರವಸ್ತ್ರದಿಂದ ಮೂಗು ಒರೆಸುತ್ತ ಗುರುಬಸಪ್ಪ ಮಾಸ್ತರರು ಕೂತಿದ್ದರು.

“ಅಯ್ಯಯ್ಯೋ, ಎದ್ದು ಕುಂತಾರ!” ಎಂದು ಶೇಖವ್ವ ಚೀರಿದಳು.

ಕಾಯಿ ಉರುಳಿದವು. ತಾಳದ ಮುದುಕ ಕುರ್ಚಿ ಹತ್ತಿ ನಿಂತ. ಇಬ್ಬರು ಬಾಗಿಲ ಕಡೆಗೆ ಓಡಿ, ಬಾಗಿಲು ಮಾಸ್ತರರ ಹತ್ತಿರವೇ ಇದೆಯೆಂದು ಕಂಡು ತಿರುಗಿ ಓಡಿದರು. ಮಾಸ್ತರರು ಕೊಡೆ ಎತ್ತಿ ನೆಲಕ್ಕೆ ಎರಡು ಸಲ ಕುಟ್ಟಿದರು. ಶಾಲೆಯಲ್ಲಿ ಬೆತ್ತ ಕುಟ್ಟುತ್ತಿದ್ದ ಹಾಗೆ. ಇಡೀ ಟಾಕೀಜು ಗಪ್ಪಾಯಿತು. ಅರ್ಧ ಜನ ಅವರ ಕೈಯಲ್ಲಿ ಕಲಿತವರೇ.

“ಕುಂದರ್ರಿ ಸುಮ್ಮನ,” ಎಂದರು ಮಾಸ್ತರರು. “ಸತ್ತಿಲ್ಲ ನಾ. ಸವಣೂರಿಂದ ಬಂದು ಬಸ್ ಇಳದೆ, ಎದುರಿಗೆ ಆಟೋ ಹೊಂಟಿತ್ತು, ನಾ ಸತ್ತೇನಿ ಅಂತ ಹೇಳ್ಕೋತ. ಹೆಂಗ ಸತ್ತೇನಿ ನೋಡೋಣಂತ ಬಂದೆ. ಟಿಕೆಟ್ ತಗೊಂಡ ಬಂದೇನಿ.”

ಆಮೇಲೆ ಎದ್ದ ನಗೆಗೆ ಟಾಕೀಜಿನ ತಗಡು ನಡುಗಿತು. ಶೇಖವ್ವ ನಗುತ್ತಲೇ ಹೋಗಿ ಪರದೆಯ ಕೆಳಗಿನ ಹಾರ ಎತ್ತಿ ತಂದು, “ನಿಮಗಂತ ತಂದದ್ದು, ನೀವ ಹಾಕ್ಕೋರಿ,” ಎಂದು ಮಾಸ್ತರರ ಕೊರಳಿಗೆ ಹಾಕಿದಳು. ಎರಡನೆಯ ಅರ್ಧವನ್ನು ಮಾಸ್ತರರು ಹಾರ ಹಾಕಿಕೊಂಡೇ ನೋಡಿದರು. ನಾನು ಓಡಲಿಲ್ಲ. ಓಡಬೇಕೆಂದರೆ ಅವರ ಮೊಣಕಾಲು ದಾಟಿಯೇ ಹೋಗಬೇಕಿತ್ತು.

ಕೊನೆಯ ಇಪ್ಪತ್ತು ನಿಮಿಷ ಎಳೆದಾಡಿದ್ದಾನೆ, ಅದು ಈ ಸಿನಿಮಾದ ತಪ್ಪು. ಸೀನಿದ್ದು ಹೆಣವಲ್ಲ, ಅದರ ಹೆಗಲಿಗೆ ಮುಖ ಮುಚ್ಚಿ ಕೂತಿದ್ದ ದೊಡ್ಡಳಿಯ ಎಂದು ತಿಳಿದು, ಉಂಗುರವೂ ಸಿಕ್ಕ ಮೇಲೂ ಮುಗಿಸುವುದಿಲ್ಲ. ಮಾಸ್ತರರು ಸಾಯುವ ಮೊದಲು ಆ ಉಂಗುರವನ್ನು ಯಾರಿಗೆ ಕೊಡಬೇಕೆಂದಿದ್ದರೋ ಅವಳು ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ. ನಿನ್ನೆ ನನಗೆ ಅದು ಬೇಸರವಾಗಿತ್ತು. ಇವತ್ತು ಪಕ್ಕದಲ್ಲಿ ನಶ್ಯದ ಕರವಸ್ತ್ರ ಮೂಗಿನಿಂದ ಕಣ್ಣಿಗೆ ಹೋದದ್ದನ್ನು ನೋಡಿದೆ. ಆದರೂ ಹತ್ತು ನಿಮಿಷ ಕತ್ತರಿಸಬಹುದಿತ್ತು.

ಸಿನಿಮಾ ಬಿಟ್ಟಾಗ ಕುಬೇರಪ್ಪ ಬಾಗಿಲಲ್ಲಿ ನಿಂತಿದ್ದ. ಇಂಟರ್ವಲ್ಲಿನಲ್ಲಿ ಎಲ್ಲ ತಿಳಿದು ಬೆವೆತಿದ್ದ. ಜನ ರೊಕ್ಕ ತಿರುಗಿ ಕೇಳುತ್ತಾರೆಂದು ಅವನ ಭಯ. ಯಾರೂ ಕೇಳಲಿಲ್ಲವೆಂದು ಕಂಡ ಮೇಲೆ ಅವನಿಗೆ ಸಿಟ್ಟು ಬಂತು. “ಇದು ಗೆದ್ದಂಗಲ್ಲ,” ಎಂದು ಎಲ್ಲರಿಗೂ ಕೇಳುವಂತೆ ನನಗೆ ಹೇಳಿದ. “ಮಂದಿಗೆ ಮೋಸ ಮಾಡಿ ತುಂಬಿಸೀದಿ. ಮೈಕ್ ಇಡು ಇಲ್ಲಿ.”

ಮೋಸವೆಂಬುದು ನನಗೂ ಚುಚ್ಚುತ್ತಿತ್ತು. ಮೈಕ್ ಮುಂದೆ ಚಾಚಿದೆ. ನಡುವೆ ಶೇಖವ್ವ ಬಂದಳು.

“ಯಾ ಮೋಸ?” ಎಂದಳು. “ಗುರುಬಸಪ್ಪ ಸತ್ತಾನ ಅಂದ, ಸತ್ತಿದ್ದ. ಉಂಗುರ ಹೋಗೇತಿ ಅಂದನಂತ, ಹೋಗಿತ್ತು. ಅಳಾಕ ಬಂದವರು ನಕ್ಕೋತ ಹೋಗ್ತೀರಿ ಅಂದನಂತ. ಹೊಟ್ಟಿ ಹಿಡಕೊಂಡು ನಿಂತೇನಿ ನಾ. ಇನ್ನೇನ್ ಹೇಳಬೇಕಾಗಿತ್ತು ಅಂವಾ? ನಾಳಿ ನಮ್ಮ ಓಣ್ಯಾಗ ಉಳದವರನ್ನೂ ಕರ್ಕೊಂಡ ಬರ್ತೇನಿ. ಅವರಿಗೆ ಖರೇ ಹೇಳಬ್ಯಾಡ್ರಿ ಮತ್ತ. ನಾ ಅತ್ತಂಗ ಅವರೂ ಅತ್ತು ನಗಲಿ!”

ಮೃತ್ಯುಂಜಯ ಸರ್ ಕೂಡ ಬಂದಿದ್ದರು, ನನ್ನ ಮೈಕ್ ಹೋಗುವುದನ್ನು ನೋಡಲಿಕ್ಕೆ. ಈಗ ಕನ್ನಡಕ ತೆಗೆದು ಒರೆಸುತ್ತ, “ನಿನ್ನಿ ಇಷ್ಟು ನಗು ಬರಲಿಲ್ಲ ನೋಡು ನನಗ,” ಎಂದರು. “ಬಾಜೂಕ ಅಳಾವರು ಇರಬೇಕೇನೋ.”

ಕುಬೇರಪ್ಪ ಜನರ ಮೇಲೆ ಕಣ್ಣು ಹಾಯಿಸಿದ, ಟ್ರ್ಯಾಕ್ಟರ್ ನೋಡಿದ, ಗೋಡೆಯ ಮೇಲಿನ ಪೋಸ್ಟರ್ ನೋಡಿದ. ನನ್ನ ಕೈಯ ಮೈಕನ್ನು ನನ್ನ ಎದೆಯ ಕಡೆಗೇ ದೂಡಿದ. “ಇನ್ನೊಂದು ವಾರ ಇಡ್ತೇನಿ ಸಿನಿಮಾ. ನಾಳಿ ಒಂಬತ್ತಕ್ಕ ಬಾ. ಚೀಟಿ ಬರಿಯಂಗಿಲ್ಲ ನಾ, ನಿನಗ ತಿಳದಂಗ ಹೇಳು. ಆದರ ಶಹನಾಯಿ ಬ್ಯಾಡ.”

ಅವನಿಗೆ ಹೇಳಲು ನನ್ನ ಬಾಯಲ್ಲಿ ಹತ್ತು ಮಾತು ಸಾಲುಗಟ್ಟಿ ನಿಂತಿದ್ದವು. ಏಳನೇತ್ತೆಯಿಂದಲೇ ಶುರು ಮಾಡುವವನಿದ್ದೆ. ಅಷ್ಟರಲ್ಲಿ ಹೆಗಲಿಗೆ ಕೊಡೆಯ ತುದಿ ತಾಗಿತು. ತಿರುಗಿದೆ. ಚೆಂಡುಹೂವಿನ ಹಾರದೊಳಗಿಂದ ಗುರುಬಸಪ್ಪ ಮಾಸ್ತರರು ನೋಡುತ್ತಿದ್ದರು.

“ಬೆತ್ತ ಮುರದಾಂವಾ ನೀನ ಅಲ್ಲ?”

“ಹೌದ್ರಿ.”

“ನಿನ್ನ ದನಿ ಕೇಳಿದ ಕೂಡಲೆ ತಿಳೀತು. ಒಂದು ತಪ್ಪು ಹೇಳೀದಿ. ಮೂವತ್ತಾರಲ್ಲ, ಮೂವತ್ತೆಂಟು ವರ್ಷ.”

“ಅದು ಸಿನಿಮಾದಾಗಿನ ಮಾಸ್ತರದ್ರಿ, ಸರ್.”

“ಹೌದೇನು?” ಎಂದರು. ಕೊರಳಿನ ಹಾರವನ್ನು ಸರಿಪಡಿಸಿಕೊಂಡರು. ಟ್ರ್ಯಾಕ್ಟರ್ ಹತ್ತುತ್ತಿದ್ದ ಜನರನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಹಾಜರಿ ಹಾಕುವವರ ಹಾಗೆ ನೋಡಿದರು. ಮತ್ತೆ ನನ್ನ ಕಡೆಗೆ ಬಗ್ಗಿ ದನಿ ಇಳಿಸಿ ಕೇಳಿದರು.

“ಹಾಲ್ಯಾ, ನಾ ಖರೇ ಸತ್ತಾಗೂ ಇಷ್ಟು ಮಂದಿ ಬರ್ತಾರೇನಲೇ?”

ಅವರ ಕಣ್ಣಿನಲ್ಲಿ ಇನ್ನೂ ನಗು ಇತ್ತು. ವರ್ಷಕ್ಕೆ ಅರವತ್ತು ಸಾವಿನ ಮನೆ ನೋಡಿದವನು ನಾನು. ಎಲ್ಲಿಗೆ ಎಷ್ಟು ಮಂದಿ ಬರುತ್ತಾರೆಂದು ನನ್ನಷ್ಟು ಚೆನ್ನಾಗಿ ಬಲ್ಲವರು ಈ ನಾಲ್ಕು ತಾಲೂಕಿನಲ್ಲಿ ಯಾರೂ ಇಲ್ಲ. ನೆಲಕ್ಕೆ ಬಿದ್ದಿದ್ದ ಅವರ ಕೈಚೀಲವನ್ನು ಎತ್ತಿಕೊಂಡೆ. ನಾಸೀರ ಆಟೋ ಚಾಲೂ ಮಾಡಿದ್ದ. ಹಂಸಭಾವಿಯ ಬಸ್ ಹೋಗಿಯಾಗಿತ್ತು, ಅವರನ್ನು ಮನೆಗೆ ಮುಟ್ಟಿಸಬೇಕಿತ್ತು. ಒಂದು ಕೈಯಲ್ಲಿ ಮೈಕ್, ಇನ್ನೊಂದರಲ್ಲಿ ಮಾಸ್ತರರ ಚೀಲ ಹಿಡಿದು, ಏನೂ ಹೇಳದೆ ಆಟೋದ ಕಡೆಗೆ ನಡೆದೆ.